ಪದಚರ್ಚೆ: ಚಾಪೆಲ್‌ಗೆ ಕನ್ನಡದಲ್ಲಿ ಏನನ್ನೋಣ? (ಫಲಕಕ್ಕೆ ಬೇಕು, ಅರ್ಜೆಂಟ್)

ಸು., ಮೈಸೂರು: ಊರಿನ ಹಳೇ ಕಟ್ಟಡಗಳನ್ನು ತೋರಿಸುವ ನಡಿಗೆಗೆ ಫಲಕ ಬರೆಸುತ್ತಿದ್ದೇವೆ. ಅಂಗಡಿಸಾಲಿನ ಹಿಂದೆ ಒಂದು ಹಳೇ ಚಾಪೆಲ್ ಇದೆ. ನಾಲ್ಕು ಬೆಂಚು, ಒಂದು ಗಂಟೆ, ಅಷ್ಟೇ. ‘ಚರ್ಚ್’ ಅಂತ ಬರೆದರೆ ಜನ ಫಿಲೋಮಿನಾ ಚರ್ಚಿಗೆ ದಾರಿ ಅಂದುಕೊಳ್ಳುತ್ತಾರೆ. ಅದೋ 175 ಅಡಿಯ ಜೋಡಿ ಗೋಪುರದ್ದು, 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು. ಪೇಂಟರ್ ನಾಳೆ ಬರುತ್ತಾರೆ. ಒಂದು ಪದ ಹೇಳಿ.

ಕೆ., ಮಂಡ್ಯ: ಕಿರುಗುಡಿ. ಇದಕ್ಕೂ ಚರ್ಚೆ ಬೇಕಾ?

ವಿ., ಉಡುಪಿ: ಬೇಕು. ನಮ್ಮಲ್ಲಿ ಚರ್ಚಿಗೆ ಇಗರ್ಜಿ, ಚಾಪೆಲ್‌ಗೆ ಕೊಂಕಣಿಯಲ್ಲಿ ಕೊಪೆಲ್. ಎರಡೂ ಪೋರ್ಚುಗೀಸಿನಿಂದ ಬಂದವು. ಲ್ಯಾಟಿನ್ನಿನ ಕಪೆಲ್ಲಾ ಅಂದರೆ ಪುಟ್ಟ ಹೊದಿಕೆ. ಸಂತ ಮಾರ್ಟಿನ್ ತನ್ನ ಹೊದಿಕೆ ಸೀಳಿ ಅರ್ಧವನ್ನು ಭಿಕ್ಷುಕನಿಗೆ ಕೊಟ್ಟನಂತೆ. ಉಳಿದರ್ಧ ಇಟ್ಟು ಪೂಜಿಸಿದ ಜಾಗಕ್ಕೆ ಆ ಹೆಸರು ಬಂತು. ಹೊದಿಕೆ ಪುಟ್ಟದು, ಕಟ್ಟಡ ಅಲ್ಲ. ‘ಕಿರು’ ಎಲ್ಲಿಂದ ಬಂತು?

ಕೆ.: ಮೈಸೂರಲ್ಲಿ ಕೊಪೆಲ್ ಅಂತ ಬರೆಸಿ ನೋಡಿ. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು ಜೊತೆ ಇನ್ನೊಂದು ಕೊಪ್ಪಲು ಅಂತ ಓದುತ್ತಾರೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರನ್ನು ನಮ್ಮ ಜನ ‘ದೊಡ್ಡಸ್ವಾಮಿಯವರು’ ಅಂದರು. ಹೊರಗಿಂದ ಬಂದವರಿಗೂ ನಮ್ಮದೇ ಪದ.

ವಿ.: ಸ್ವಾಮಿ ಸಂಸ್ಕೃತ.

ಜಾ., ಮೈಸೂರು: ಇಲ್ಲಿನ ಕಥೋಲಿಕರು ಏನನ್ನುತ್ತೇವೆ ಅಂತ ಯಾರೂ ಕೇಳಲೇ ಇಲ್ಲ, ಅಲ್ವಾ? ಚರ್ಚಿಗೆ ದೇವಾಲಯ, ಬಿಷಪ್ಪರ ಚರ್ಚಾದ ಕಥೀಡ್ರಲ್‌ಗೆ ಪ್ರಧಾನಾಲಯ, ಪ್ಯಾರಿಷ್‌ಗೆ, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತರ ವಲಯಕ್ಕೆ, ಧರ್ಮಕೇಂದ್ರ. ಚಾಪೆಲ್ ಸಾಮಾನ್ಯವಾಗಿ ಸ್ವಂತ ಧರ್ಮಕೇಂದ್ರ ಇಲ್ಲದ್ದು. ಆಸ್ಪತ್ರೆಯೊಳಗೆ, ಕಾನ್ವೆಂಟಿನೊಳಗೆ, ಸಮಾಧಿಗಳ ಪಕ್ಕ ಇರುತ್ತದೆ. ದೊಡ್ಡದೂ ಇರಬಹುದು, ಹಾಗಾಗಿ ಕಿರುಗುಡಿ ಸರಿಹೋಗುವುದಿಲ್ಲ. ಮಾತಿನಲ್ಲಿ ನಾವು ಚಾಪೆಲ್ ಅಂತಲೇ ಅನ್ನುವುದು.

ಕೆ.: ಕನ್ನಡ ಕೇಳಿದರೆ ಇಂಗ್ಲಿಷ್ ಕೊಟ್ಟಿರಿ. ಸಂತೋಷ.

ವಿ.: ಹಾಗಾದರೆ ಬಸದಿಯನ್ನೂ ಬಿಡಿ, ಅದು ಸಂಸ್ಕೃತದ ವಸತಿ. ಮಸೀದಿ ಅರಬ್ಬಿಯದು. ನಿಮ್ಮ ಮೇಜೂ ಪೋರ್ಚುಗೀಸು, ಅದರ ಚಾವಿಯೂ ಪೋರ್ಚುಗೀಸು. ನೆಲದ ಮೇಲೆ ಕೂತು ಬರೆಯಿರಿ.

ಕೆ.: ನೂರಾರು ವರ್ಷ ಬಳಸಿ ನಮ್ಮದಾದ ಪದ ಬೇರೆ, ನಾಳೆ ಪೇಂಟರ್ ಬರುತ್ತಾನೆ ಅಂತ ಎತ್ತಿಕೊಂಡು ಬರುವುದು ಬೇರೆ.

ಜಾ.: ಯಾರೂ ಎತ್ತಿಕೊಂಡು ಬಂದಿಲ್ಲ. ನಮ್ಮಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಚಾಪೆಲ್ ಅನ್ನುತ್ತಿದ್ದರು.

ಸು.: ಮೇಲೆ ‘ಹಳೆಯ ಚಾಪೆಲ್’, ಕೆಳಗೆ ಸಣ್ಣಕ್ಷರದಲ್ಲಿ ‘ಕ್ರೈಸ್ತರ ಪ್ರಾರ್ಥನಾಲಯ’. ಬರೆಸುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ಕೆ.: ‘ಹಳೆಯ’ ಅಲ್ಲ, ‘ಹಳೆ’ ಸಾಕು.