ಪುಟ್ಟಾ, ಕೀ ಕೊಡಬೇಡ

ಹಲೋ ಪುಟ್ಟಾ, ಕೇಳ್ತದಾ? ನಮ್ಮ ಮನೆಯವರ ಗ್ರೂಪಿಗೆ ನೀನು ಹಾಕಿದ ಮೆಸೇಜು ಬೆಳಿಗ್ಗೆಯೇ ಓದಿದೆ. ಅಪ್ಪನ ಹಳೆ ಪದ್ಮಿನಿ ಕಾರಿಗೆ ಗೋವಾದಿಂದ ಗಿರಾಕಿ ಬಂದಿದ್ದಾನೆ, 90 ಸಾವಿರ ಕ್ಯಾಶು, ಭಾನುವಾರ ಪುಣೆಗೆ ಬಂದು ಓಡಿಸಿಕೊಂಡೇ ಹೋಗ್ತಾನೆ, ಆರ್‌ಟಿಓ ಕೆಲಸ ಎಲ್ಲ ಅವನೇ ನೋಡ್ಕೊಳ್ತಾನೆ, ನೀನು ಸೈನು ಹಾಕಿಕೊಟ್ರೆ ಸಾಕಂತೆ. ಕೊಡ್ಲಾ ದೊಡ್ಡಮ್ಮಾ, ಅದಕ್ಕೂ ಮೊದಲು ಪೇಂಟು ಹೊಡೆಸ್ಬೇಕಾ ಅಂತ ಕೇಳಿದ್ದಿ. ಕಣ್ಣಿನ ಆಪರೇಷನ್ ಆದ ಮೇಲೆ ನನಗೆ ಟೈಪು ಮಾಡ್ಲಿಕ್ಕೆ ಆಗುದಿಲ್ಲ, ಬಾಯಲ್ಲೇ ಹೇಳ್ತೇನೆ. ಹೆಸರು ಬದಲಾಗುವ ಮೊದಲು ಕೀ ಕೊಡಬೇಡ.

ನಮ್ಮ ಫಿಯಟ್ಟಿನ ಕಥೆ ನಿಮಗೆಲ್ಲ ಗೊತ್ತುಂಟು. ಗೊತ್ತಿದ್ರೂ ಇನ್ನೊಮ್ಮೆ ಕೇಳು. 1996ರಲ್ಲಿ ಮಾರಿದ್ದು, 38 ಸಾವಿರಕ್ಕೆ. ತಗೊಂಡವ ಎಂಥ ಒಳ್ಳೆ ಜನ ಅಂತೀ! ಕಾಫಿ ಕುಡಿದ, ಸ್ಟೇರಿಂಗ್ ಗೇರು ಹಾಕಿ ನೋಡಿ ಬೆಣ್ಣೆ ಹಾಗುಂಟು ಅಂದ, ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಿನ್ನ ದೊಡ್ಡಪ್ಪ ಕರಗಿ ಹೋದರು. ಗಾಡಿ ಮಾರಿದ್ದೇನೆ ಅಂತ ತಿಳಿಸುವ 29 ನಂಬರಿನ ಫಾರ್ಮು, ಹೆಸರು ಬದಲಾಯಿಸ್ಲಿಕ್ಕೆ ಕೊಡುವ 30 ನಂಬರಿನ ಫಾರ್ಮು, ಎರಡಕ್ಕೂ ತಾರೀಕು ಹಾಕದೆ ಸೈನು ಮಾಡಿ ಕೊಟ್ಟುಬಿಟ್ರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಸೈನು ತಾಳೆ ನೋಡಿದ ಮನುಷ್ಯ! 29ನ್ನು ಮಾರಿದವನೇ 14 ದಿನದೊಳಗೆ ಆರ್‌ಟಿಓಗೆ ಮುಟ್ಟಿಸ್ಬೇಕು ಅಂತ ಆಮೇಲೆ ವಕೀಲರು ಹೇಳಿದ್ದು.

ಮೂರು ವರ್ಷ ಎಂತ ಸುದ್ದಿಯೂ ಇಲ್ಲ. 1999ರ ಮಳೆಗಾಲದಲ್ಲಿ ಕೋರ್ಟಿನ ಲಕೋಟೆ ಬಂತು. ಗೋವಾ ಹೈವೇಯಲ್ಲಿ ನಮ್ಮ ಫಿಯಟ್ಟು ಒಬ್ಬ ಸೈಕಲಿನವನಿಗೆ ಗುದ್ದಿ ಕಾಲು ಮುರಿದಿತ್ತು. ನಮಸ್ಕಾರ ಮಾಡಿದವ ಯಾವಾಗಲೋ ಇನ್ನೊಬ್ಬನಿಗೆ ಮಾರಿ ಆಗಿತ್ತು, ಅವ ಮತ್ತೊಬ್ಬನಿಗೆ. ಮೂರು ಕೈ ದಾಟಿದರೂ ಆರ್‌ಸಿ ಬುಕ್ಕಿನಲ್ಲಿ ದೊಡ್ಡಪ್ಪನದ್ದೇ ಹೆಸರು. ಇನ್ಶೂರೆನ್ಸು ಯಾರೂ ಕಟ್ಟಿರಲಿಲ್ಲ. ನಾಲ್ಕು ವರ್ಷ, ಪುಟ್ಟಾ. ಬೆಳಗ್ಗಿನ ಎಸ್‌ಟಿ ಬಸ್ಸು ಹಿಡಿದು ಹೋಗುದು, ಇವತ್ತು ಜಡ್ಜು ರಜೆ ಅಂತ ವಾಪಸು ಬರುದು. ಆ ಸೈಕಲಿನವನೂ ಊರುಗೋಲು ಹಿಡಿದು ಬರ್ತಿದ್ದ. ಪಾಪ, ಅವನದ್ದೆಂತ ತಪ್ಪು? ಇವರೇ ಅವನಿಗೆ ಚಹಾ ಕುಡಿಸ್ತಿದ್ರಂತೆ. ಕಡೆಗೆ ನಾವು ಕಟ್ಟಿದ್ದು ಕಾರು ಮಾರಿದ ದುಡ್ಡಿಗಿಂತ ಹೆಚ್ಚು. ನನ್ನ ಎರಡು ಬಳೆ ಹೋದದ್ದು ಹಾಗೆ. 2018ರಲ್ಲಿ ಸುಪ್ರೀಂ ಕೋರ್ಟೂ ಇಂಥದ್ದೇ ಕೇಸಿನಲ್ಲಿ ಹೇಳಿತು, ರಿಜಿಸ್ಟರಿನಲ್ಲಿ ಯಾರ ಹೆಸರೋ ಅವರೇ ಮಾಲಕರು, ಪರಿಹಾರ ಅವರ ತಲೆಗೇ ಅಂತ. ಪೇಪರಿನ ತುಂಡು ಕತ್ತರಿಸಿ ಇಟ್ಟಿದ್ದೇನೆ. ಓದ್ಲಿಕ್ಕೆ ಇವರು ಇರಲಿಲ್ಲ.

ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೊಬೇಡಿ ಯಾರೂ. ಕೊಂಕಣ ರೈಲು ಇಲ್ಲದ ಕಾಲ. ಊರಿಂದ ಬಸ್ಸಲ್ಲಿ ಬಂದವರೆಲ್ಲ ಬೆಳಗಿನ ಜಾವ ಮುಂಬೈಯ ಸಯನ್‌ನಲ್ಲಿ ಇಳಿಯುದು. ಇಳಿದವರನ್ನು ಮನೆಗೆ ತರ್ಲಿಕ್ಕೆ ನಮ್ಮ ಫಿಯಟ್ಟು. ಮದುವೆಗೆ ಹೆಣ್ಣು ನೋಡ್ಲಿಕ್ಕೆ ಫಿಯಟ್ಟು, ಹೆರಿಗೆಗೆ ಫಿಯಟ್ಟು. ಒಳಗೆ ಏಳು ಜನ, ಡಿಕ್ಕಿಯಲ್ಲಿ ಹಲಸಿನ ಹಣ್ಣು. ಪೆಟ್ರೋಲು ಹಾಕಿಸ್ಲಾ ಅಂತ ಕೇಳಿದವರು ಎಷ್ಟು ಜನ? ಕೋರ್ಟಿಗೆ ಹೋಗುವಾಗ ಜೊತೆಗೆ ಬಂದವರು ಯಾರು? ನಿನ್ನ ಅಪ್ಪ ಒಬ್ಬರು, ಎರಡು ಸಲ ರಜೆ ಹಾಕಿ ಬಂದಿದ್ರು. ಬಾಕಿಯವರ ಹೆಸರು ನಾನು ಹೇಳುದಿಲ್ಲ, ಇದೇ ಗ್ರೂಪಿನಲ್ಲಿ ಇದ್ದಾರೆ. ಒಬ್ಬರಂತೂ ನಮ್ಮ ಗಾಡಿಯ ಬಾಗಿಲಿಗೆ ಗುಳಿ ಹಾಕಿ ತಂದವರು, ಮೊದಲೇ ಇತ್ತಲ್ವಾ ಅತ್ತಿಗೆ ಅಂದ್ರು. ಇರಲಿ.

ಎಂತ ಹೇಳ್ತಿದ್ದೆ? ಹಾಂ. ಹೆಸರು ಬದಲಾಗುವ ಮೊದಲು ಕೀ ಕೊಡಬೇಡ. ಅವ ಕಾಲಿಗೆ ಬಿದ್ರೂ ಕೊಡಬೇಡ.

ಪೇಂಟು ಬೇಡ. ಹಳೆ ಗಾಡಿ ಹುಡುಕುವವನಿಗೆ ಹೊಸ ಪೇಂಟು ಕಂಡರೇ ಸಂಶಯ, ಅಡಿಯಲ್ಲಿ ಎಷ್ಟು ಪುಟ್ಟಿ ಮೆತ್ತಿದ್ದಾರೋ ಅಂತ. ಮ್ಯಾಟು ಎತ್ತಿ ತುಕ್ಕು ಹಿಡಿದ ತಗಡು ನೀನೇ ತೋರಿಸು. ಅವ ಬರುವ ಮೊದಲು ಎಂಜಿನು ಬಿಸಿ ಮಾಡಿ ಇಡಬೇಡ, ತಣ್ಣಗಿರುವಾಗ ಚೋಕು ಎಳೆದು ಅವನೆದುರೇ ಸ್ಟಾರ್ಟು ಮಾಡು. ಓಡುವ ಗಾಡಿ, ನಾಚಿಕೆ ಎಂತಕ್ಕೆ?

ಅಯ್ಯೋ, ಮುಖ್ಯದ್ದೇ ಬಿಟ್ಟೆನಲ್ಲ! ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಉಂಟಲ್ವಾ? ಮತ್ತೆ ನೀನು ಸೈನು ಹಾಕುದು ಹೇಗೆ ಮಾರಾಯ? ಮೊದಲು 31 ನಂಬರಿನ ಫಾರ್ಮು ತುಂಬಿಸಿ ನಿನ್ನ ಹೆಸರಿಗೆ ಮಾಡಿಸ್ಕೋ. ಅಪ್ಪನ ಡೆತ್ ಸರ್ಟಿಫಿಕೇಟು ಬೇಕು, ಅಮ್ಮ ಮತ್ತೆ ಅಕ್ಕನ ಒಪ್ಪಿಗೆ ಪತ್ರವೂ ಇಟ್ಕೋ. ತೀರಿಕೊಂಡ ಮೂರು ತಿಂಗಳೊಳಗೆ ಮಾಡಿಸ್ಬೇಕಿತ್ತು, ತಡ ಆದದ್ದಕ್ಕೆ ದಂಡ ಕೇಳಿದ್ರೆ ಕಟ್ಟಿಬಿಡು. ಗೋವಾಕ್ಕೆ ಹೋಗುದಾದ್ರೆ ನಿಮ್ಮ ಪುಣೆ ಆರ್‌ಟಿಓದ ಎನ್‌ಓಸಿ ಬೇಕು, ಗಾಡಿ ಬೇರೆ ರಾಜ್ಯಕ್ಕೆ ಹೋಗ್ಲಿಕ್ಕೆ ಅಡ್ಡಿ ಇಲ್ಲ ಅನ್ನುವ ಪತ್ರ, ಅದು 28 ನಂಬರಿನ ಫಾರ್ಮು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಪಾಸಿಂಗ್, ಅಂದ್ರೆ ಗಾಡಿ ಓಡ್ಲಿಕ್ಕೆ ಸರಿ ಉಂಟಾ ಅಂತ ತಪಾಸಣೆ, ಆಗ್ಬೇಕು, ಅದರ ತಾರೀಕು ನೋಡು. ಹಳೆ ಗಾಡಿಗೆ ಕಟ್ಟುವ ಗ್ರೀನ್ ಟ್ಯಾಕ್ಸಿನ ರಸೀದಿ ಹುಡುಕು. ಭಾನುವಾರ ಬಂದವನ ಹತ್ರ ಬೇಕಾದ್ರೆ ಅಡ್ವಾನ್ಸು ತಗೋ, ಬರೆದು ಕೊಡು, ಗಾಡಿ ನಿಮ್ಮ ಬಿಲ್ಡಿಂಗಿನ ಅಡಿಯಲ್ಲೇ ನಿಂತಿರಲಿ.

ಆರ್‌ಸಿಯ ಫೋಟೋ ತೆಗೆದು ಕಳಿಸು, ತಾರೀಕು ಸರಿಯಾಗಿ ಕಾಣ್ಬೇಕು. ಗ್ರೂಪಿಗೆ ಬೇಡ, ನನಗೊಬ್ಬಳಿಗೇ ಹಾಕು.