ಕಾರಿನ ಸ್ಕ್ರೀನ್ ಸೆಟ್ಟಿಂಗ್ಸ್: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಹೊಸ ಕಾರು ಬಂದು ಮೂರು ವಾರ ಆಯ್ತು. ಓಡಿಸುವುದಕ್ಕೆ ಏನೂ ತೊಂದರೆ ಇಲ್ಲ, ಆದರೆ ಡ್ಯಾಶ್‌ಬೋರ್ಡಿನ ದೊಡ್ಡ ಸ್ಕ್ರೀನಿಗೆ ಮಾತ್ರ ಕೈ ಇನ್ನೂ ಪಳಗಿಲ್ಲ. ಕಾರು ಕೊಡುವ ದಿನ ಹತ್ತು ನಿಮಿಷದಲ್ಲಿ ಎಲ್ಲ ತೋರಿಸಿದರು, ಒಂದೂ ತಲೆಯಲ್ಲಿ ಉಳಿಯಲಿಲ್ಲ. ರಾತ್ರಿ ಸ್ಕ್ರೀನ್ ಕಣ್ಣಿಗೆ ಹೊಡೆಯುತ್ತದೆ. ವೇಗ ಹಿಡಿದರೆ ಹಾಡಿನ ಸದ್ದು ತಾನಾಗಿಯೇ ಏರುತ್ತದೆ. ಮ್ಯಾಪಿನ ದನಿ ಒಮ್ಮೆ ಕೇಳಿಸುವುದೇ ಇಲ್ಲ, ಇನ್ನೊಮ್ಮೆ ಕಿರುಚಿದ ಹಾಗೆ ಬರುತ್ತದೆ. ನಾನು, ನನ್ನ ಹೆಂಡತಿ ಇಬ್ಬರೂ ಕೂತರೆ ಯಾರ ಫೋನಿಗೆ ಸೇರಿಕೊಳ್ಳುತ್ತದೋ ಹೇಳೋಕಾಗಲ್ಲ. ಎಲ್ಲಕ್ಕಿಂತ ಬೇಜಾರಿನ ಸಂಗತಿ ಅಂದರೆ, ನಿನ್ನೆ ಸರಿ ಮಾಡಿಟ್ಟದ್ದು ಇವತ್ತು ಮತ್ತೆ ಹಳೆಯ ಹಾಗೇ ಇರುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

* * *

ನಿಮ್ಮ ಕೊನೆಯ ದೂರಿನಿಂದಲೇ ಶುರು ಮಾಡುತ್ತೇನೆ. ಅದು ಸರಿಹೋಗದಿದ್ದರೆ ಉಳಿದದ್ದನ್ನು ಎಷ್ಟು ಸರಿ ಮಾಡಿದರೂ ನಿಲ್ಲುವುದಿಲ್ಲ.

ನನಗೂ ಹೀಗೇ ಆಗಿತ್ತು. ಸಂಜೆ ಕೂತು ಬಾಸ್, ಟ್ರೆಬಲ್, ಬೆಳಕು ಎಲ್ಲ ಹದಕ್ಕೆ ತರುತ್ತಿದ್ದೆ. ಬೆಳಿಗ್ಗೆ ನೋಡಿದರೆ ಮೊದಲಿನಂತೆಯೇ. ಸಿಸ್ಟಮ್ ಕೆಟ್ಟಿದೆ ಅಂದುಕೊಂಡು ಸರ್ವಿಸಿನವರಿಗೆ ದೂರು ಬರೆಸಿದೆ, ಅವರೂ ಏನೂ ಸಿಗಲಿಲ್ಲ ಅಂದರು. ಒಂದು ದಿನ ಸ್ಕ್ರೀನಿನ ಮೇಲಿನ ಮೂಲೆಯಲ್ಲಿ ಪುಟ್ಟದೊಂದು ಮನುಷ್ಯನ ಚಿತ್ರ ಕಣ್ಣಿಗೆ ಬಿತ್ತು. ಒತ್ತಿದರೆ ‘ಗೆಸ್ಟ್’ ಅಂತ ತೋರಿಸಿತು. ಗೆಸ್ಟ್ ಪ್ರೊಫೈಲಿನಲ್ಲಿ ಮಾಡಿದ ಬದಲಾವಣೆಯನ್ನು ನನ್ನ ಕಾರು ಉಳಿಸಿಕೊಳ್ಳುತ್ತಲೇ ಇರಲಿಲ್ಲ. ನನ್ನ ಹೆಸರಿನಲ್ಲಿ ಒಂದು ಪ್ರೊಫೈಲ್ ಮಾಡಿದೆ, ಅಲ್ಲಿಗೆ ತೊಂದರೆ ಮುಗಿಯಿತು. ಕೆಲವು ಕಾರುಗಳಲ್ಲಿ ಪ್ರೊಫೈಲ್ ಕೀಲಿಗೇ ಅಂಟಿಕೊಂಡಿರುತ್ತದೆ. ಹೆಂಡತಿಯ ಕೀಲಿಯಿಂದ ಬಾಗಿಲು ತೆಗೆದರೆ ಅವರ ಸೆಟ್ಟಿಂಗ್ ಬರುತ್ತದೆ, ನಿಮ್ಮ ಕೀಲಿಯಿಂದ ತೆಗೆದರೆ ನಿಮ್ಮದು. ನೀವಿಬ್ಬರೂ ಓಡಿಸುವವರಾದರೆ ಇದನ್ನು ಮೊದಲು ನೋಡಿ.

ಒಂದು ಮಾತು ಸೇರಿಸಬೇಕು. ಕೆಲವನ್ನು ಏನು ಮಾಡಿದರೂ ಪ್ರತಿ ಸಲ ಎಂಜಿನ್ ಶುರುವಾದಾಗ ಮತ್ತೆ ಆನ್ ಆಗುವ ಹಾಗೆಯೇ ಮಾಡಿರುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿಸುವ ಸೌಕರ್ಯ ಹಲವು ಕಾರುಗಳಲ್ಲಿ ಹೀಗೆ. ಯುರೋಪಿನಲ್ಲಂತೂ ಜುಲೈ 2024ರಿಂದ ಮಾರುವ ಹೊಸ ಕಾರುಗಳಲ್ಲಿ ವೇಗದ ಮಿತಿ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಬೇಡವೆಂದು ಆರಿಸಿದರೂ ಮುಂದಿನ ಸಲ ಅದು ತಾನೇ ಶುರುವಾಗುತ್ತದೆ. ಇಂಥವು ಮರಳಿ ಬಂದರೆ ಸಿಸ್ಟಮ್ ಕೆಟ್ಟಿದೆ ಅಂತ ಚಿಂತೆ ಮಾಡಬೇಡಿ.

* * *

ರಾತ್ರಿಯ ಬೆಳಕಿನ ವಿಷಯ ನಾನು ಹೇಳುತ್ತೇನೆ. ಹೆಚ್ಚಾಗಿ ಕತ್ತಲಲ್ಲೇ ಓಡಿಸುವ ಕೆಲಸ ನನ್ನದು, ಹಾಗಾಗಿ ಇದರ ಬಗ್ಗೆ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ಹಗಲಿನ ಬ್ರೈಟ್‌ನೆಸ್ ಬೇರೆ, ರಾತ್ರಿಯ ಬ್ರೈಟ್‌ನೆಸ್ ಬೇರೆ. ಬಹಳ ಜನ ಮಧ್ಯಾಹ್ನ ಮನೆ ಮುಂದೆ ನಿಲ್ಲಿಸಿಕೊಂಡು ಬೆಳಕು ತಗ್ಗಿಸುತ್ತಾರೆ. ಆಗ ಬದಲಾಗುವುದು ಹಗಲಿನದ್ದು ಮಾತ್ರ. ರಾತ್ರಿ ಮತ್ತೆ ಕಣ್ಣು ಕುಕ್ಕುತ್ತದೆ. ರಾತ್ರಿಯದ್ದನ್ನು ರಾತ್ರಿಯೇ, ಹೆಡ್‌ಲೈಟ್ ಹಾಕಿಕೊಂಡೇ ಸರಿ ಮಾಡಿ. ಏಕೆಂದರೆ ಈಗ ಹಗಲೋ ರಾತ್ರಿಯೋ ಅನ್ನುವುದನ್ನು ಸ್ಕ್ರೀನ್ ತಿಳಿಯುವುದು ಸಾಮಾನ್ಯವಾಗಿ ಹೆಡ್‌ಲೈಟ್ ಸ್ವಿಚ್ಚಿನಿಂದ, ಇಲ್ಲವೇ ಡ್ಯಾಶ್‌ಬೋರ್ಡಿನ ಮೇಲಿರುವ ಬೆಳಕಿನ ಸೆನ್ಸರ್‌ನಿಂದ.

ಇದರ ಉಲ್ಟಾ ತೊಂದರೆಯೂ ಇದೆ. ಮಳೆಗಾಲದಲ್ಲಿ ನಾನು ಹಗಲಲ್ಲೂ ಲೈಟ್ ಹಾಕಿಕೊಂಡೇ ಹೋಗುತ್ತೇನೆ. ಸ್ಕ್ರೀನ್ ರಾತ್ರಿ ಅಂದುಕೊಂಡು ಮಂಕಾಗುತ್ತಿತ್ತು, ಮ್ಯಾಪೇ ಕಾಣುತ್ತಿರಲಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿ ಮೀಟರಿನ ಬೆಳಕು ಏರಿಸಿ ಇಳಿಸುವ ಚಿಕ್ಕ ಚಕ್ರ ಇರುತ್ತದಲ್ಲ, ಅದನ್ನು ಕೊನೆಯವರೆಗೆ ಮೇಲೆ ತಿರುಗಿಸಿದೆ. ಸಣ್ಣದಾಗಿ ‘ಟಕ್’ ಅಂತು. ಸ್ಕ್ರೀನ್ ಅಲ್ಲೇ ಬೆಳ್ಳಗಾಯಿತು. ಹಲವು ಕಾರುಗಳಲ್ಲಿ ಈ ಕೊನೆಯ ಹಂತ ಅಂದರೆ ‘ಲೈಟ್ ಹಾಕಿದ್ದರೂ ಹಗಲಿನ ಬೆಳಕೇ ಇರಲಿ’ ಅಂತ. ನಿಮ್ಮ ಸ್ಕ್ರೀನ್ ರಾತ್ರಿ ಕಣ್ಣಿಗೆ ಹೊಡೆಯುತ್ತಿದೆ ಅಂದಿರಿ. ಆ ಚಕ್ರವನ್ನು ಯಾರೋ ಮೇಲಿನ ತುದಿಗೆ ತಿರುಗಿಸಿ ಬಿಟ್ಟಿರಬಹುದು, ಒಮ್ಮೆ ನೋಡಿ.

ಉಳಿದದ್ದೆಲ್ಲ ಕಪ್ಪಾಗಿ ಮ್ಯಾಪ್ ಮಾತ್ರ ಬೆಳ್ಳಗೆ ಉಳಿದರೆ ತಪ್ಪು ಕಾರಿನದಲ್ಲ. ಫೋನಿನ ಮ್ಯಾಪ್, ಹಾಡನ್ನು ಕಾರಿನ ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋದ ಸೆಟ್ಟಿಂಗ್‌ನಲ್ಲಿ ಹಗಲು, ರಾತ್ರಿ, ತಾನಾಗಿಯೇ ಅನ್ನುವ ಆಯ್ಕೆ ಬೇರೆ ಇದೆ. ರಿವರ್ಸ್ ಕ್ಯಾಮೆರಾದ ಬೆಳಕೂ ಬೇರೆಯೇ. ನನ್ನ ಕಾರಿನಲ್ಲಿ ಅದು ಮುಖ್ಯ ಸೆಟ್ಟಿಂಗ್‌ನಲ್ಲಿ ಇಲ್ಲವೇ ಇಲ್ಲ. ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಗೇರ್ ಹಾಕಿದಾಗ ಮಾತ್ರ ಚಿತ್ರದ ಮೂಲೆಯಲ್ಲಿ ಅದರ ಗುರುತು ಕಾಣುತ್ತದೆ.

ನನಗೆ ತುಂಬಾ ಇಷ್ಟವಾದ ಸೆಟ್ಟಿಂಗ್ ಒಂದಿದೆ: ‘ಡಿಸ್‌ಪ್ಲೇ ಆಫ್’. ಬೀದಿದೀಪ ಇಲ್ಲದ ಉದ್ದದ ದಾರಿಯಲ್ಲಿ ಸ್ಕ್ರೀನನ್ನೇ ಆರಿಸಿಬಿಡುತ್ತೇನೆ. ಹಾಡು ಬರುತ್ತದೆ, ಮ್ಯಾಪಿನ ದನಿ ಬರುತ್ತದೆ. ಬೇಕಾದಾಗ ಒಂದು ಸಲ ಮುಟ್ಟಿದರೆ ಸ್ಕ್ರೀನ್ ಎದ್ದು ಬರುತ್ತದೆ. ರಿವರ್ಸ್ ಹಾಕಿದರೆ ಕ್ಯಾಮೆರಾ ಹೇಗೂ ಬರುತ್ತದೆ. ಕಣ್ಣಿಗೆ ಎಷ್ಟು ಹಾಯಾಗುತ್ತದೆ ಅಂತ ಒಂದು ರಾತ್ರಿ ಓಡಿಸಿ ನೋಡಿ.

* * *

ಸದ್ದು ತಾನಾಗಿ ಏರುವುದು ದೋಷ ಅಲ್ಲ ಸರ್. ವೇಗ ಹೆಚ್ಚಾದಂತೆ ಟೈರು ಮತ್ತು ಗಾಳಿಯ ಸದ್ದು ಜಾಸ್ತಿಯಾಗುತ್ತದೆ, ಅದಕ್ಕೆ ಸರಿಯಾಗಿ ಸಿಸ್ಟಮ್ ದನಿ ಏರಿಸುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ‘ಸ್ಪೀಡ್ ವಾಲ್ಯೂಮ್’, ‘ಎಸ್‌ವಿಸಿ’ ಅಥವಾ ಅಂಥದ್ದೇ ಹೆಸರಿನಲ್ಲಿ ಇರುತ್ತದೆ. ಪೂರ್ತಿ ಆರಿಸಬೇಡಿ, ಕಡಿಮೆಗೆ ಇಡಿ. ನಾನು ಆರಿಸಿ ನೋಡಿದೆ. ಹೆದ್ದಾರಿಯಲ್ಲಿ ಪದೇ ಪದೇ ವಾಲ್ಯೂಮಿಗೆ ಕೈ ಹೋಗುತ್ತಿತ್ತು.

ಮ್ಯಾಪಿನ ದನಿಗೆ ಉಪಾಯ ಸುಲಭ. ಹಾಡಿಗೆ ಒಂದು ವಾಲ್ಯೂಮ್, ಕರೆಗೆ ಇನ್ನೊಂದು, ಮ್ಯಾಪಿಗೆ ಮತ್ತೊಂದು. ಯಾವುದು ಆ ಹೊತ್ತಿಗೆ ಸದ್ದು ಮಾಡುತ್ತಿದೆಯೋ, ನಾಬ್ ತಿರುಗಿಸಿದರೆ ಅದೇ ಬದಲಾಗುತ್ತದೆ. ಆದ್ದರಿಂದ ‘ಇನ್ನೂರು ಮೀಟರ್ ಮುಂದೆ ಎಡಕ್ಕೆ’ ಅಂತ ಮ್ಯಾಪ್ ಮಾತಾಡುತ್ತಿರುವಾಗಲೇ ನಾಬ್ ತಿರುಗಿಸಬೇಕು. ಅದು ಮಾತು ಮುಗಿಸಿದ ಮೇಲೆ ತಿರುಗಿಸಿದರೆ ಹಾಡು ಏರುತ್ತದೆ, ಅಷ್ಟೆ. ನನ್ನಾಕೆಗೆ ಪಕ್ಕದಲ್ಲಿ ಕೂರಲು ಹೇಳಿ, ಎರಡು ತಿರುವು ದಾಟುವಷ್ಟರಲ್ಲಿ ಅವಳಿಂದಲೇ ಸರಿ ಮಾಡಿಸಿದೆ. ಪಾರ್ಕಿಂಗ್ ಸೆನ್ಸರಿನ ಬೀಪ್ ಮಾತ್ರ ಈ ರೀತಿ ಆಗಲಿಲ್ಲ, ಅದಕ್ಕೆ ವಾಹನದ ಸೆಟ್ಟಿಂಗ್‌ನಲ್ಲೇ ಹೋಗಬೇಕಾಯಿತು.

* * *

ಹಾಡಿನ ಬಗ್ಗೆ ನನ್ನದೊಂದು ಮಾತು. ಬಾಸ್, ಟ್ರೆಬಲ್ ಹೊಂದಿಸುವ ಈಕ್ವಲೈಜರ್ ಮುಟ್ಟುವ ಮೊದಲು ಫೋನಿನ ವಾಲ್ಯೂಮ್ ನೋಡಿ. ಬ್ಲೂಟೂತಿನಲ್ಲಿ ಫೋನಿನ ದನಿ ಅರ್ಧಕ್ಕಿದ್ದರೆ ಕಾರಿನದ್ದನ್ನು ಎಷ್ಟು ಏರಿಸಿದರೂ ಹಾಡಿಗೆ ಜೀವ ಬರುವುದಿಲ್ಲ, ಸುಮ್ನೆ ಗೊರಗೊರ ಸದ್ದು ಏರುತ್ತದೆ. ಫೋನನ್ನು ಹೆಚ್ಚುಕಡಿಮೆ ಪೂರ್ತಿಗೆ ಇಟ್ಟು, ಏರಿಸಿ ಇಳಿಸುವುದನ್ನು ಕಾರಿನಲ್ಲಿ ಮಾಡಿ.

ಬಾಸ್ ಪೂರ್ತಿ ಏರಿಸಿದರೆ ಬಾಗಿಲಿನ ಪ್ಲಾಸ್ಟಿಕ್ ಅದುರುತ್ತದೆ, ಹಾಡುವವರ ದನಿ ಮುಳುಗುತ್ತದೆ. ನಾನು ಎಲ್ಲವನ್ನೂ ಸೊನ್ನೆಗೆ ತಂದು, ಚೆನ್ನಾಗಿ ಗೊತ್ತಿರುವ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಒಂದೊಂದೇ ಹೆಜ್ಜೆ ಬದಲಾಯಿಸಿದೆ. ಕೊನೆಗೆ ಬಾಸ್ ಎರಡು, ಟ್ರೆಬಲ್ ಒಂದು, ಅಷ್ಟೇ ಸಾಕಾಯಿತು. ನಿಜವಾದ ವ್ಯತ್ಯಾಸ ಆದದ್ದು ಸದ್ದನ್ನು ಮುಂದಿನ, ಹಿಂದಿನ ಸ್ಪೀಕರ್‌ಗಳಿಗೆ ಹಂಚುವ ಫೇಡರ್‌ನಿಂದ. ಸದ್ದನ್ನು ಸ್ವಲ್ಪ ಮುಂದಕ್ಕೆ ತಂದೆ. ಹಿಂದೆ ಮಗು ಮಲಗಿದ್ದಾಗ ಪೂರ್ತಿ ಮುಂದಕ್ಕೆ ತರುತ್ತೇನೆ, ಅದು ನಿದ್ದೆಯಿಂದ ಏಳುವುದಿಲ್ಲ.

* * *

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬಾಸ್ ಎರಡು ಸಾಕು ಅನ್ನುವುದು ಅವರ ಕಾರಿಗೆ ಸರಿ. ನನ್ನ ಕಾರಿನ ಸ್ಪೀಕರ್ ಚಿಕ್ಕವು, ಐದಕ್ಕೆ ಇಟ್ಟರೂ ಅದುರುವುದಿಲ್ಲ. ಅಂಕೆ ನೋಡಬೇಡಿ, ಕಿವಿ ಕೊಟ್ಟು ಕೇಳಿ.

* * *

ಎರಡು ಫೋನಿನ ಜಗಳ ನಮ್ಮ ಮನೆಯಲ್ಲೂ ಇತ್ತು ಅಣ್ಣ. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಪೇರ್ ಆದ ಫೋನುಗಳ ಪಟ್ಟಿ ತೆಗೆದು ‘ಆದ್ಯತೆ’ ಅಥವಾ ನಕ್ಷತ್ರದ ಗುರುತು ಇದೆಯಾ ನೋಡಿ. ಅದನ್ನು ಯಾರ ಫೋನಿಗೆ ಕೊಡುತ್ತೀರೋ ಕಾರು ಮೊದಲು ಅದನ್ನೇ ಹುಡುಕುತ್ತದೆ. ಹಲವು ಸಿಸ್ಟಮ್‌ಗಳು ಎರಡು ಫೋನನ್ನು ಒಟ್ಟಿಗೇ ಹಿಡಿದುಕೊಳ್ಳುತ್ತವೆ, ಒಂದು ಕರೆಗೆ, ಇನ್ನೊಂದು ಹಾಡಿಗೆ. ನಾವು ಈಗ ಹಾಗೇ ಮಾಡಿಕೊಂಡಿದ್ದೇವೆ.

ಫೋನ್ ಸೇರಿಕೊಳ್ಳದೆ ಸತಾಯಿಸಿದರೆ ಕಾರಿನಿಂದ ಮಾತ್ರ ಅಳಿಸಿದರೆ ಸಾಲದು. ಫೋನಿನಲ್ಲೂ ಕಾರಿನ ಹೆಸರನ್ನು ಅಳಿಸಿ, ಆಮೇಲೆ ಹೊಸದಾಗಿ ಪೇರ್ ಮಾಡಿ. ಒಂದು ಕಡೆ ಹಳೆಯ ಗುರುತು ಉಳಿದರೂ ಅವೆರಡೂ ಹೊಂದುವುದಿಲ್ಲ. ಹೊಸದಾಗಿ ಪೇರ್ ಮಾಡುವಾಗ ಫೋನ್ ‘ಸಂಪರ್ಕಗಳನ್ನು ಹಂಚಿಕೊಳ್ಳಲೇ?’ ಅಂತ ಕೇಳುತ್ತದೆ. ಅವಸರದಲ್ಲಿ ಬೇಡ ಅಂದರೆ ಆಮೇಲೆ ಕರೆ ಬಂದಾಗ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ.

ವೈರ್ ಇಲ್ಲದ ಆಂಡ್ರಾಯ್ಡ್ ಆಟೋದಲ್ಲಿ ಬ್ಲೂಟೂತ್ ಪರಿಚಯ ಮಾತ್ರ ಮಾಡಿಸುತ್ತದೆ, ಕೆಲಸ ನಡೆಯುವುದು ವೈಫೈ ಮೂಲಕ. ಫೋನಿನ ವೈಫೈ ಆರಿಸಿದ್ದರೆ ಅದು ನಡೆಯುವುದಿಲ್ಲ. ಬ್ಯಾಟರಿ ಉಳಿಸುವ ಮೋಡ್ ಹಾಕಿದ್ದರೂ ಮಧ್ಯೆ ಕಡಿಯಬಹುದು. ವೈರ್ ಇರುವುದಾದರೆ ಮೊದಲು ಕೇಬಲ್ ಬದಲಾಯಿಸಿ. ಬರೀ ಚಾರ್ಜ್ ಮಾಡುವ ಕೇಬಲ್‌ಗಳಲ್ಲಿ ಡೇಟಾ ಹೋಗುವುದಿಲ್ಲ. ನನ್ನದು ಪ್ರತಿ ಹಳ್ಳದಲ್ಲೂ ಕಡಿಯುತ್ತಿತ್ತು. ಫೋನಿನ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿದರೆ ಜೇಬಿನ ನೂಲು, ಧೂಳು ಒತ್ತಾಗಿ ಕೂತಿತ್ತು. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದೆ. ಕೇಬಲ್ ಪೂರ್ತಿ ಒಳಗೆ ಹೋಗಿ ಕೂತಿತು, ಆಮೇಲೆ ಒಮ್ಮೆಯೂ ಕಡಿದಿಲ್ಲ.

* * *

ಏನೇ ಬದಲಾಯಿಸುವ ಮುನ್ನ ಪ್ರತಿ ಪುಟದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ತಂಗಿಯ ಮಗ ಆಡುತ್ತಾ ಭಾಷೆಯನ್ನು ಅರೇಬಿಕ್‌ಗೆ ತಿರುಗಿಸಿಬಿಟ್ಟಿದ್ದ. ಅಕ್ಷರ ಮಾತ್ರವಲ್ಲ, ಇಡೀ ಸ್ಕ್ರೀನ್ ಬಲದಿಂದ ಎಡಕ್ಕೆ ಹೊರಳಿತ್ತು. ಹಳೆಯ ಫೋಟೋ ಎದುರಿಗಿಟ್ಟುಕೊಂಡು ಹುಡುಕಿದೆ. ಹಲ್ಲುಚಕ್ರದ ಗುರುತು, ಮೇಲಿನಿಂದ ನಾಲ್ಕನೆಯ ಸಾಲು, ಆಮೇಲೆ ಪಟ್ಟಿ. ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿ ಇದ್ದದ್ದರಿಂದ ಬಚಾವಾದೆ.

ಸ್ಕ್ರೀನ್ ಹೆಪ್ಪುಗಟ್ಟಿದ ಹಾಗೆ ನಿಂತರೆ ತಕ್ಷಣ ಫ್ಯಾಕ್ಟರಿ ರೀಸೆಟ್‌ಗೆ ಹೋಗಬೇಡಿ. ಬಹಳಷ್ಟು ಕಾರುಗಳಲ್ಲಿ ಪವರ್ ಬಟನ್ ಅಥವಾ ವಾಲ್ಯೂಮ್ ನಾಬನ್ನು ಹತ್ತು ಸೆಕೆಂಡು, ಕೆಲವದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಸಿಸ್ಟಮ್ ಆರಿ ಮತ್ತೆ ಶುರುವಾಗುತ್ತದೆ. ನಿಮ್ಮ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಫೋನು, ವಿಳಾಸ, ಪ್ರೊಫೈಲ್ ಎಲ್ಲ ಹೋಗುತ್ತದೆ. ಕಾರು ಮಾರುವಾಗ ಮಾತ್ರ ಅದನ್ನು ಖಂಡಿತ ಮಾಡಿ. ನಾನು ಕೊಂಡ ಹಳೆಯ ಕಾರಿನಲ್ಲಿ ಹಿಂದಿನವರ ಮನೆ ವಿಳಾಸ, ಎಲ್ಲ ನಂಬರ್‌ಗಳೂ ಹಾಗೇ ಇದ್ದವು. ನೋಡಿ ಮನಸ್ಸಿಗೆ ಕಸಿವಿಸಿಯಾಯಿತು, ಮೊದಲ ದಿನವೇ ಅಳಿಸಿದೆ.

* * *

ಇದನ್ನೆಲ್ಲ ನಿಲ್ಲಿಸಿದ ಕಾರಿನಲ್ಲೇ ಮಾಡಿ ಅಂತ ಕೈ ಮುಗಿದು ಹೇಳುತ್ತೇನೆ. 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಸ್ಕ್ರೀನ್ ನೋಡಿದರೆ ಕಾರು ಸುಮಾರು 33 ಮೀಟರ್ ಮುಂದೆ ಹೋಗಿರುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಒಂದು ನೋಟಕ್ಕೆ ಎರಡು ಸೆಕೆಂಡು, ಇಡೀ ಕೆಲಸಕ್ಕೆ 12 ಸೆಕೆಂಡು ಮೀರಬಾರದು ಅಂತಲೇ ಇದೆ. ಈಕ್ವಲೈಜರ್ 12 ಸೆಕೆಂಡಿನಲ್ಲಿ ಮುಗಿಯುವ ಕೆಲಸವಲ್ಲ ಅಲ್ವಾ? ಓಡುವಾಗ ಕೆಲವು ಪುಟಗಳು ಮಂಕಾಗಿ ಒತ್ತಲು ಬಾರದಿರುವುದೂ ಇದೇ ಕಾರಣಕ್ಕೆ.

ತುಂಬಾ ಹೊತ್ತು ಕೂರುವುದಾದರೆ ಎಂಜಿನ್ ಆರಿಸಿ ಇಗ್ನಿಷನ್ ಮಾತ್ರ ಹಾಕಿಕೊಂಡಿದ್ದರೆ ಬ್ಯಾಟರಿ ಇಳಿಯುತ್ತದೆ. ಎಂಜಿನ್ ಓಡಿಸುವುದಾದರೆ ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಜಾಗದಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ. ಇನ್ನು ದಾರಿಯಲ್ಲಿ ಏನಾದರೂ ಬೇಕಾದರೆ ಸ್ಟೀರಿಂಗಿನ ಮೇಲಿನ ಮೈಕ್ ಬಟನ್ ರೂಢಿ ಮಾಡಿಕೊಳ್ಳಿ.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಒಂದು ಗಂಟೆ ಇಬ್ಬರೂ ಕಾರಿನಲ್ಲಿ ಕೂತೆವು. ಪ್ರೊಫೈಲ್ ‘ಗೆಸ್ಟ್’ ಅಂತಲೇ ಇತ್ತು! ಈಗ ಇಬ್ಬರಿಗೂ ಒಂದೊಂದು ಮಾಡಿದ್ದೇವೆ. ಬೆಳಕಿನ ಚಕ್ರವೂ ಮೇಲಿನ ತುದಿಯಲ್ಲೇ ಇತ್ತು, ಎರಡು ಹಂತ ಇಳಿಸಿದೆ. ನಿನ್ನೆ ರಾತ್ರಿ ಮೊದಲ ಸಲ ಕಣ್ಣು ಕಿರಿದು ಮಾಡದೆ ಓಡಿಸಿಕೊಂಡು ಬಂದೆ. ಮ್ಯಾಪಿನ ದನಿಯನ್ನು ಇವಳೇ ಸರಿ ಮಾಡಿದಳು. ಇನ್ನೊಂದೇ ಕೇಳುವುದಿದೆ: ಸ್ಕ್ರೀನ್ ಮುಟ್ಟಿದಾಗೆಲ್ಲ ‘ಟಿಕ್ ಟಿಕ್’ ಅನ್ನುತ್ತದಲ್ಲ, ಅದನ್ನು ನಿಲ್ಲಿಸುವುದು ಎಲ್ಲಿ?

* * *

ಸೌಂಡ್ ಸೆಟ್ಟಿಂಗ್‌ನ ಕೆಳಗಿನ ಸಾಲುಗಳಲ್ಲಿ ‘ಟಚ್ ಸೌಂಡ್’ ಅಥವಾ ‘ಬೀಪ್’ ಅಂತ ಇರುತ್ತದೆ, ಅಲ್ಲಿ ಆರಿಸಿ. ಅಲ್ಲಿ ಸಿಗದಿದ್ದರೆ ‘ಜನರಲ್’ ಅಥವಾ ‘ಸಿಸ್ಟಮ್’ ಪುಟದಲ್ಲಿ ನೋಡಿ. ಪಾರ್ಕಿಂಗ್ ಬೀಪ್ ಬೇರೆ, ಅದನ್ನು ಆರಿಸಬೇಡಿ.