ಬಳಸಿದ ಫೋರ್ಡ್ ಎಕೋಸ್ಪೋರ್ಟ್ ಕೊಳ್ಳಬಹುದೇ? ಬಲ್ಲವರು ಹೇಳಿ

ಕೇಳಿದವರು: ಹುಬ್ಬಳ್ಳಿ_ಹೆದ್ದಾರಿ

ನೋಡಿಟ್ಟಿರುವುದು ಮೂರು ಎಕೋಸ್ಪೋರ್ಟ್: 2015ರ 1.5 ಡೀಸೆಲ್ ಮ್ಯಾನುಯಲ್, 2016ರ 1.5 ಪೆಟ್ರೋಲ್ ಆಟೊಮ್ಯಾಟಿಕ್, 2018ರ 1.5 ಪೆಟ್ರೋಲ್ ಮ್ಯಾನುಯಲ್. ತಿಂಗಳಿಗೆ ಸಾವಿರ ಕಿ.ಮೀ. ಓಡಾಟ, ಬಹುಪಾಲು ಹೆದ್ದಾರಿ. ಕಂಪನಿ ಇಲ್ಲಿ ಕಾರು ಮಾಡುವುದನ್ನೇ ಬಿಟ್ಟಿದೆ, ಬಿಡಿಭಾಗದ ಗತಿಯೇನು? ಮೂರರಲ್ಲಿ ಯಾವುದು ಸರಿ, ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಟಾರ್ಕ್‌ರೆಂಚ್

ಮೂರರ ಮೇಲೂ ಎಕೋಸ್ಪೋರ್ಟ್ ಎಂದೇ ಬರೆದಿದ್ದರೂ ಬಾನೆಟ್ ಕೆಳಗೆ ಮೂರೂ ಬೇರೆ ಬೇರೆ ಗಾಡಿಗಳು. ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ. ಬಣ್ಣ, ಸೀಟು, ಸ್ಕ್ರೀನ್ ಆಮೇಲೆ.

1.5 ಟಿಡಿಸಿಐ ಡೀಸೆಲ್ ಈ ಪಟ್ಟಿಯಲ್ಲಿ ಅತ್ಯಂತ ಗಟ್ಟಿ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನಿಂದ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ತಿರುಗಿಸುವ ಪಟ್ಟಿ) ಒಣ ಬೆಲ್ಟ್, ಎಣ್ಣೆ ತಾಗದೆ ಎಂಜಿನ್ ಪಕ್ಕದ ಕವರ್ ಒಳಗಿರುತ್ತದೆ. 2015ರ ಗಾಡಿಯಲ್ಲಿ ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಿ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟ್‌ನಿಂದ. ಆದ್ದರಿಂದ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ದಾರಿಯಲ್ಲಿಡುವ ಐಡ್ಲರ್ ಗಾಲಿ, ವಾಟರ್ ಪಂಪ್ ನಾಲ್ಕನ್ನೂ ಒಟ್ಟಿಗೆ ಹಾಕಿಸಬೇಕು. ಬೆಲ್ಟ್ ಮಾತ್ರ ಹೊಸದಾಗಿ ಪಂಪ್ ಹಳೆಯದೇ ಉಳಿದರೆ, ಅದರ ಬೇರಿಂಗ್ ಸಡಿಲವಾದ ದಿನ ಹೊಸ ಬೆಲ್ಟೂ ಹೋಗುತ್ತದೆ, ಕೆಲಸದ ಕೂಲಿ ಎರಡು ಸಲ.

ಡೀಸೆಲ್‌ನಲ್ಲಿ ಮತ್ತೆ ನೋಡಬೇಕಾದ್ದು ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಬುಡ. ಕೆಳಗಿನ ತಾಮ್ರದ ವಾಷರ್ ಸೋತರೆ ದಹನದ ಅನಿಲ ಮೇಲೆ ನುಗ್ಗಿ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಅಂಟು ಕಟ್ಟುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚುಸ್ ಚುಸ್ ಎಂದು ತಾಳ ಹಿಡಿದಂತೆ ಕೇಳಿಸುತ್ತದೆ. ಬೇಗ ಕಂಡರೆ ವಾಷರ್ ಬದಲಿಸಿ ಇಂಜೆಕ್ಟರ್ ಕೂರುವ ಜಾಗ ಉಜ್ಜಿಸಿದರೆ ಮುಗಿಯಿತು. ವರ್ಷಗಟ್ಟಲೆ ಬಿಟ್ಟಿದ್ದರೆ ಇಂಜೆಕ್ಟರ್ ಅಂಟಿಕೊಂಡು ಹೊರಗೆ ಬರುವುದೇ ಕಷ್ಟ.

ಕ್ಲಚ್ ಪೆಡಲ್ ಒತ್ತಿ ಬಿಟ್ಟು ನೋಡಿ. ಅರ್ಧಕ್ಕೇ ನಿಂತರೆ, ಅಥವಾ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ (ಕ್ಲಚ್‌ಗೂ ಬ್ರೇಕ್‌ಗೂ ಡಬ್ಬಿ ಒಂದೇ), ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಅದು ಗೇರ್‌ಬಾಕ್ಸ್ ಒಳಗೆ, ಶಾಫ್ಟ್ ಸುತ್ತ ಕೂತಿರುತ್ತದೆ. ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗುವುದಿಲ್ಲ. ಹೇಗೂ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಕೂಡ ಹಾಕಿಸಿಬಿಡಿ.

ಗೇರುಪೆಟ್ಟಿಗೆ

2016ರ ಪೆಟ್ರೋಲ್ ಆಟೊಮ್ಯಾಟಿಕ್ ಕೈಬಿಡಿ. ಕಾರಣ ಇಷ್ಟು.

ಅದರಲ್ಲಿರುವುದು ಪವರ್‌ಶಿಫ್ಟ್, ಆರು ಗೇರಿನ ಒಣ ಡ್ಯುಯಲ್ ಕ್ಲಚ್. ಎರಡು ಕ್ಲಚ್ ಪ್ಲೇಟೂ ಎಣ್ಣೆಯಿಲ್ಲದೆ ಗಾಳಿಯಲ್ಲೇ ಕೆಲಸ ಮಾಡಬೇಕು. ಟ್ರಾಫಿಕ್‌ನಲ್ಲಿ ತೆವಳುವಾಗ ಪ್ಲೇಟ್ ಅರೆಬರೆ ಹಿಡಿದು ಜಾರುತ್ತಾ ಕಾಯುತ್ತದೆ, ಮೇಲ್ಮೈ ಹೊಳಪುಗಟ್ಟುತ್ತದೆ, ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಎಣ್ಣೆ ಪ್ಲೇಟಿಗೆ ತಾಗಿದರೂ ಅದೇ ನಡುಕ. ಇನ್ನೊಂದು ರೋಗ ಟಿಸಿಎಂ, ಅಂದರೆ ಗೇರ್‌ಬಾಕ್ಸ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದು ಗೇರ್‌ಬಾಕ್ಸಿನ ಮೇಲೇ ಕೂತು ಬಿಸಿಗೂ ಕಂಪನಕ್ಕೂ ಒಡ್ಡಿಕೊಂಡಿರುತ್ತದೆ. ಕೆಟ್ಟಾಗ ಗೇರ್ ಹತ್ತುವುದಿಲ್ಲ, ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ. ಗಾಡಿಯ ದೋಷ ಓದುವ ಸ್ಕ್ಯಾನರ್‌ನಲ್ಲಿ ಯು0101 ಅಥವಾ ಪಿ0902 ಎಂಬ ಕೋಡ್ ಬಂದರೆ ಮಾತು ಮುಂದುವರಿಸಬೇಡಿ.

ಈ ಗೇರ್‌ಬಾಕ್ಸಿನ ತೊಂದರೆ ಒಂದು ದೇಶದ್ದಲ್ಲ. ಅಮೆರಿಕದಲ್ಲಿ ಇದೇ ಗೇರ್‌ಬಾಕ್ಸಿನ ಫೋರ್ಡ್ ಫಿಯೆಸ್ಟಾ, ಫೋಕಸ್ ಕಾರುಗಳ ಮಾಲೀಕರು ಒಟ್ಟಾಗಿ ಮೊಕದ್ದಮೆ ಹೂಡಿ ಪರಿಹಾರ ಪಡೆದರು. ಆಸ್ಟ್ರೇಲಿಯಾದಲ್ಲಿ ಈ ದೂರುಗಳನ್ನು ನಿಭಾಯಿಸಿದ ರೀತಿಗಾಗಿ 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಆಟೊಮ್ಯಾಟಿಕ್ ಬೇಕೇ ಬೇಕು ಎಂದಾದರೆ 2017ರ ನವೆಂಬರ್‌ನ ಫೇಸ್‌ಲಿಫ್ಟ್ (ಮಾಡೆಲ್ ಪರಿಷ್ಕರಣೆ) ನಂತರದ್ದು ಹುಡುಕಿ. ಅದರಲ್ಲಿ ಬಂದದ್ದು ಟಾರ್ಕ್ ಕನ್ವರ್ಟರ್, ಎಣ್ಣೆಯ ಮೂಲಕ ಬಲ ಸಾಗಿಸುವ ಬೇರೆಯೇ ಗೇರ್‌ಬಾಕ್ಸ್. ಆದರೆ ಅದರ ಜೊತೆಗಿನ ಎಂಜಿನ್ ಬಗ್ಗೆ ಕೆಳಗೆ ಯಾರಾದರೂ ಬರೆಯಲೇಬೇಕು.

ಟಾರ್ಕ್‌ರೆಂಚ್

ಬರೆಯುತ್ತೇನೆ, ನಿಮ್ಮ 2018ರ ಪೆಟ್ರೋಲ್‌ನಲ್ಲಿರುವುದೂ ಅದೇ. ಹೆಸರು ಡ್ರಾಗನ್, ಮೂರು ಸಿಲಿಂಡರ್, 123 ಪಿಎಸ್ (ಅಶ್ವಶಕ್ತಿ). ಓಡಿಸಲು ಒಳ್ಳೆಯ ಎಂಜಿನ್. ತಕರಾರು ಒಂದೇ: ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ನೆನೆದು ತಿರುಗುತ್ತದೆ. ಘರ್ಷಣೆ ಕಡಿಮೆ, ಸದ್ದು ಕಡಿಮೆ ಎಂಬ ಲೆಕ್ಕದಲ್ಲಿ ಮಾಡಿದ ವಿನ್ಯಾಸ. ಬೆಲ್ಟಿನ ರಬ್ಬರ್ ನಿರ್ದಿಷ್ಟ ಆಯಿಲ್‌ಗೆ ಹೊಂದುವಂತೆ ತಯಾರಾಗಿದೆ. ಬೇರೆ ಆಯಿಲ್ ಹಾಕಿದರೆ, ಅಥವಾ ಬದಲಿಸುವ ಅವಧಿ ಮೀರಿಸಿ ಆಯಿಲ್‌ಗೆ ಪೆಟ್ರೋಲ್ ಬೆರೆಯುತ್ತಾ ಹೋದರೆ, ರಬ್ಬರ್ ಉಬ್ಬಿ ಬಿರುಕುಬಿಟ್ಟು ಚೂರು ಉದುರುತ್ತದೆ. ಚೂರುಗಳು ಸಂಪ್‌ನಲ್ಲಿರುವ (ಎಂಜಿನ್ ತಳದ ಆಯಿಲ್ ತಟ್ಟೆ), ಪಂಪ್ ಆಯಿಲ್ ಎಳೆದುಕೊಳ್ಳುವ ಪಿಕಪ್ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಲ್ಟ್ ಕಡಿಯುವುದಕ್ಕಿಂತ ಮೊದಲು ಆಯಿಲ್ ಪ್ರೆಷರ್ ಬೀಳುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕೆಂಪು ಆಯಿಲ್ ದೀಪ ಮಿಣುಕಿದರೆ ಅಲ್ಲೇ ಎಂಜಿನ್ ಆಫ್ ಮಾಡಿ.

2018ರದ್ದನ್ನು ಕೊಳ್ಳುವುದಾದರೆ ಷರತ್ತು ಎರಡು. ಪ್ರತಿ ಸರ್ವಿಸ್‌ನ ಬಿಲ್ ಇರಬೇಕು, ಅದರಲ್ಲಿ ಆಯಿಲ್ ದರ್ಜೆ ಬರೆದಿರಬೇಕು. ಮಾಲೀಕರ ಕೈಪಿಡಿಯಲ್ಲಿ ಫೋರ್ಡ್‌ನದೇ ಕೋಡ್ ಕೊಟ್ಟಿರುತ್ತದೆ, ಡಬ್ಲ್ಯೂಎಸ್‌ಎಸ್ ಎಂದು ಶುರುವಾಗುತ್ತದೆ. ಅದೇ ಕೋಡ್ ಡಬ್ಬಿಯ ಮೇಲೂ ಇರಬೇಕು, ಬರೀ ದಪ್ಪ ತೆಳುವಿನ ಸಂಖ್ಯೆ ಹೊಂದಿದರೆ ಸಾಲದು. ಎರಡನೆಯದು, ಸಂಪ್ ಕಳಚಿ ಜಾಲರಿ ನೋಡಲು ಮಾರುವವರು ಒಪ್ಪಬೇಕು. ಸೀಲೆಂಟ್ ಹಚ್ಚಿ ಮತ್ತೆ ಕೂರಿಸುವ ಖರ್ಚು ನಿಮ್ಮದೇ ಆದರೂ ಚಿಂತೆಯಿಲ್ಲ. ಜಾಲರಿಯಲ್ಲಿ ಕಪ್ಪು ರಬ್ಬರ್ ನಾರು ಕಂಡರೆ ಬೆಲ್ಟ್ ಕೆಲಸ ಬಾಕಿ ಇದೆ ಎಂದರ್ಥ.

ಘಾಟಿರಸ್ತೆ

ಟಾರ್ಕ್‌ರೆಂಚ್ ಅವರ ಮಾತಿಗೆ ಸ್ವಲ್ಪ ತಿದ್ದುಪಡಿ. ಡ್ರಾಗನ್ ಬಗ್ಗೆ ಇಷ್ಟು ಹೆದರಿಸುವ ಅಗತ್ಯವಿಲ್ಲ. ಒದ್ದೆ ಬೆಲ್ಟ್‌ನ ಹೆಚ್ಚಿನ ಕೆಟ್ಟ ಹೆಸರು ಬಂದದ್ದು ಫೋರ್ಡ್‌ನ ಚಿಕ್ಕ ಪೆಟ್ರೋಲ್ ಎಂಜಿನ್ ಆದ 1.0 ಎಕೋಬೂಸ್ಟ್ ಟರ್ಬೊಗೆ. ಅದರಲ್ಲಿ ಆಯಿಲ್ ಪಂಪ್ ತಿರುಗಿಸಲೂ ಒಂದು ಒದ್ದೆ ಬೆಲ್ಟ್ ಇದೆ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಫೋಕಸ್ ಮತ್ತು ಎಕೋಸ್ಪೋರ್ಟ್ ಸೇರಿ ಸುಮಾರು 1.4 ಲಕ್ಷ 1.0 ಗಾಡಿಗಳನ್ನು ವಾಪಸ್ ಕರೆದದ್ದು ಆ ಬೆಲ್ಟಿನ ಟೆನ್ಷನರ್ ದೋಷಕ್ಕೆ. ಆಯಿಲ್ ಪ್ರೆಷರ್ ಹೋದರೆ ಎಂಜಿನ್ ಹಿಡಿದುಕೊಳ್ಳುವುದಷ್ಟೇ ಅಲ್ಲ, ಬ್ರೇಕಿನ ಸಹಾಯಬಲವೂ ಕಡಿಮೆಯಾಗುತ್ತದೆ. ಅಮೆರಿಕದ ಆ ಎಕೋಸ್ಪೋರ್ಟ್‌ಗಳು ಚೆನ್ನೈ ಬಳಿಯ ಮರೈಮಲೈ ನಗರದಲ್ಲೇ ತಯಾರಾಗಿ ಹಡಗು ಹತ್ತಿದವು.

ನಿಮ್ಮ ಓಡಾಟ ಹೆದ್ದಾರಿಯದ್ದು. ಎಂಜಿನ್ ಪೂರ್ತಿ ಬಿಸಿಯಾಗಿ ಓಡುವುದರಿಂದ ಆಯಿಲ್‌ಗೆ ಸೇರಿದ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ದಿನಕ್ಕೆ 3 ಕಿ.ಮೀ. ಶಾಲೆಗೆ ಬಿಟ್ಟು ಬರುವ ಗಾಡಿಗೂ ಇದಕ್ಕೂ ಬೆಲ್ಟ್ ಆಯುಷ್ಯದಲ್ಲಿ ಅಜಗಜಾಂತರ. ಆದರೆ ಹಿಂದಿನ ಮಾಲೀಕರು ಹೇಗೆ ಓಡಿಸಿದ್ದರು ಎಂಬುದೂ ಅಷ್ಟೇ ಮುಖ್ಯ. ಆರು ವರ್ಷದಲ್ಲಿ ಕೇವಲ 20 ಸಾವಿರ ಕಿ.ಮೀ. ಓಡಿದ ಡ್ರಾಗನ್‌ಗಿಂತ 80 ಸಾವಿರ ಹೆದ್ದಾರಿಯಲ್ಲಿ ಓಡಿದ್ದನ್ನೇ ನಾನು ಆರಿಸುತ್ತೇನೆ.

ಫೇಸ್‌ಲಿಫ್ಟ್‌ಗೂ ಮುಂಚಿನ 1.5 ಪೆಟ್ರೋಲ್ ಮ್ಯಾನುಯಲ್ ಸಿಕ್ಕರೆ ಅದನ್ನೂ ನೋಡಿ. ನಾಲ್ಕು ಸಿಲಿಂಡರ್, ಒಣ ಬೆಲ್ಟ್, ಮೈಲೇಜ್ ಸಾಧಾರಣ, ತಲೆನೋವು ಕಡಿಮೆ. ಒಂದೇ ಎಚ್ಚರ: ಅದರ ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದಿಡಲು ಕೀ (ಜಾರದಂತೆ ತಡೆಯುವ ಲೋಹದ ತುಂಡು) ಇಲ್ಲ, ಬೋಲ್ಟಿನ ಬಿಗಿತವೇ ಆಧಾರ. ಕ್ಯಾಮ್‌ಗೆ ಲಾಕಿಂಗ್ ಪ್ಲೇಟ್, ಕ್ರ್ಯಾಂಕ್‌ಗೆ ಪಿನ್ ಹಾಕಿಯೇ ಬೆಲ್ಟ್ ಬಿಚ್ಚಬೇಕು, ಕ್ರ್ಯಾಂಕ್ ಬೋಲ್ಟ್ ಹೊಸದೇ ಆಗಬೇಕು. ಬಿಳಿ ಬಣ್ಣದಲ್ಲಿ ಗುರುತು ಹಾಕಿ ಬಿಚ್ಚುತ್ತೇನೆ ಎನ್ನುವ ಮೆಕ್ಯಾನಿಕ್‌ಗೆ ಕೊಡಬೇಡಿ, ಟೈಮಿಂಗ್ ಸರಿದು ವಾಲ್ವ್ ಬಾಗುತ್ತವೆ.

ಹಳೇಎಸ್ಕಾರ್ಟ್

ಬಿಡಿಭಾಗದ ಪ್ರಶ್ನೆಗೆ ಬರೋಣ. ಫೋರ್ಡ್ ಭಾರತಕ್ಕೆ ಬಂದದ್ದು, ಹೋದದ್ದು ಎರಡೂ ಒಂದಕ್ಕಿಂತ ಹೆಚ್ಚು ಸಲ. 1926ರಲ್ಲಿ ಫೋರ್ಡ್‌ನ ಕೆನಡಾ ಶಾಖೆ ಇಲ್ಲಿ ಕಂಪನಿ ತೆರೆದಿತ್ತು, 1950ರ ದಶಕದಲ್ಲಿ ಅದು ಮುಚ್ಚಿತು. ಮತ್ತೆ 1995ರಲ್ಲಿ ಮಹೀಂದ್ರಾ ಜೊತೆ ಪಾಲುದಾರಿಕೆ, ಮರುವರ್ಷ ಎಸ್ಕಾರ್ಟ್, 1999ರಲ್ಲಿ ಐಕಾನ್, 2010ರಲ್ಲಿ ಫಿಗೊ, 2013ರಲ್ಲಿ ಎಕೋಸ್ಪೋರ್ಟ್, 2015ರಲ್ಲಿ ಗುಜರಾತಿನ ಸಾನಂದ್ ಕಾರ್ಖಾನೆ. 2019ರಲ್ಲಿ ಮಹೀಂದ್ರಾ ಜೊತೆ ಮತ್ತೆ ಮಾಡಿಕೊಂಡ ಒಪ್ಪಂದ 2020ರ ಡಿಸೆಂಬರ್ 31ರಂದು ಮುರಿದುಬಿತ್ತು. 2021ರ ಸೆಪ್ಟೆಂಬರ್ 9ರಂದು ಉತ್ಪಾದನೆ ನಿಲ್ಲಿಸುವ ಘೋಷಣೆ. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಎಂಬುದು ಕಂಪನಿ ಕೊಟ್ಟ ಲೆಕ್ಕ. ಎರಡು ದೊಡ್ಡ ಕಾರ್ಖಾನೆ ಕಟ್ಟಿ, ಅವುಗಳನ್ನು ತುಂಬಿಸುವಷ್ಟು ಕಾರು ಮಾರಲಿಲ್ಲ. ಕಾರು ಚೆನ್ನಾಗಿರಲಿಲ್ಲ ಎಂದು ಅದಕ್ಕೆ ಅರ್ಥವಲ್ಲ. ಇಷ್ಟೊಳ್ಳೆಯ ಸ್ಟೀರಿಂಗ್, ಸಸ್ಪೆನ್ಷನ್ ಇದ್ದ ಗಾಡಿಗಳು ಆ ಬೆಲೆಗೆ ಇನ್ನು ಬರಲಿಲ್ಲವಲ್ಲ ಎಂಬ ನೋವು ನನಗಿದೆ.

ಹೊರಡುವಾಗ ಸರ್ವಿಸ್, ವಾರಂಟಿ, ಬಿಡಿಭಾಗದ ವ್ಯವಸ್ಥೆ ಮುಂದುವರಿಸುವುದಾಗಿ ಹೇಳಿ ದೆಹಲಿ, ಚೆನ್ನೈ, ಮುಂಬೈ, ಸಾನಂದ್, ಕೋಲ್ಕತ್ತಾ ಡಿಪೋಗಳನ್ನು ಹೆಸರಿಸಿತ್ತು. ಸವೆಯುವ ಭಾಗಗಳಾದ ಫಿಲ್ಟರ್, ಬ್ರೇಕ್ ಪ್ಯಾಡ್, ಬೆಲ್ಟ್, ಕ್ಲಚ್, ಲಿಂಕ್ ರಾಡ್, ಲೋವರ್ ಆರ್ಮ್ ಬುಷ್‌ಗಳನ್ನು ಬೇರೆ ತಯಾರಕರೂ ಮಾಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಹುಬ್ಬಳ್ಳಿಗೆ ಪಾರ್ಸೆಲ್ ತರಿಸಬಹುದು. ಕಾಯಬೇಕಾಗುವುದು ಹೆಡ್‌ಲ್ಯಾಂಪ್, ಬಂಪರ್, ಡಿಕ್ಕಿ ಬಾಗಿಲು, ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳಿಗೆ. ಅಂದರೆ ಅಪಘಾತವಾದರೆ ಗಾಡಿ ಗ್ಯಾರೇಜಿನಲ್ಲಿ ಹೆಚ್ಚು ದಿನ ನಿಲ್ಲಬಹುದು, ಬದಲಿ ವಾಹನದ ಏರ್ಪಾಡು ಇರಲಿ.

ಭಾಗ ಕೇಳುವಾಗ ಮಾಡೆಲ್ ಹೆಸರು ಹೇಳದೆ ಸಂಖ್ಯೆ ಹೇಳಿ. ಫೋರ್ಡ್ ಸಂಖ್ಯೆಗೆ ಮೂರು ತುಂಡು: ಮೊದಲನೆಯದು ಯಾವ ಗಾಡಿಗಾಗಿ ವಿನ್ಯಾಸವಾಯಿತು ಎಂದು ಹೇಳುತ್ತದೆ (ಎಕೋಸ್ಪೋರ್ಟ್‌ನ ಬಹಳಷ್ಟು ಭಾಗಗಳಲ್ಲಿ ಸಿಎನ್15), ನಡುವಿನದು ಭಾಗದ ಜಾತಿ (6731 ಆಯಿಲ್ ಫಿಲ್ಟರ್, 9601 ಏರ್ ಫಿಲ್ಟರ್), ಕೊನೆಯದು ಪರಿಷ್ಕರಣೆ. ಹಳೆಯ ಭಾಗದ ಮೇಲಿನ ಸಂಖ್ಯೆಯ ಫೋಟೊ ಕಳಿಸಿದರೆ ಅಂಗಡಿಯವರಿಗೂ ಗೊಂದಲವಿಲ್ಲ.

ಆರ್‌ಸಿಪುಸ್ತಕ

ಕಾಗದಪತ್ರ. ಕಡಿಮೆ ಬೆಲೆಯ ಡೀಸೆಲ್ ಫೋರ್ಡ್‌ಗಳಲ್ಲಿ ಎಷ್ಟೋ ದೆಹಲಿ ಕಡೆಯವು, ಅಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಿಸುವಂತಿಲ್ಲ ಎಂಬ ನಿಯಮವಿದ್ದುದರಿಂದ ದಕ್ಷಿಣಕ್ಕೆ ಬಂದವು. ಫಾರ್ಮ್ 28ರ ಎನ್ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಕೈಗೆ ಬಾರದೆ ಮುಂಗಡ ಕೊಡಬೇಡಿ. ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಮೊದಲೇ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ, ಅಗ್ಗ ಅನ್ನಿಸಿದ್ದು ಅಲ್ಲೇ ಕರಗುತ್ತದೆ. ಸ್ಥಳೀಯ ಗಾಡಿಗೆ ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29, 30, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕ್ ಸಹಿ ಹಾಕಿದ 35.

2015ರದ್ದಕ್ಕೆ ರೀಕಾಲ್ ಕೂಡ ಕೇಳಿ. ಹಿಂದಿನ ಆಕ್ಸಲ್ ಬೀಮಿನ ಬೋಲ್ಟ್ ಬದಲಿಸಲು 2015ರ ನವೆಂಬರ್‌ನಲ್ಲಿ 16,444 ಎಕೋಸ್ಪೋರ್ಟ್‌ಗಳನ್ನು ಕರೆಸಿದ್ದರು. ನೋಂದಣಿ ವರ್ಷಕ್ಕಿಂತ ತಯಾರಿಕೆಯ ತಿಂಗಳು ಹಿಂದಿರಬಹುದು, ಚಾಸಿ ನಂಬರ್ ಕೊಟ್ಟು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ.

ಹುಬ್ಬಳ್ಳಿ_ಹೆದ್ದಾರಿ

ಎಲ್ಲರಿಗೂ ವಂದನೆ. ಆಟೊಮ್ಯಾಟಿಕ್ ಬಿಟ್ಟೆ. ಡೀಸೆಲ್ ನೋಡಲು ಭಾನುವಾರ ಹೋಗುತ್ತೇನೆ. ಸ್ಕ್ಯಾನರ್ ಯಾವುದು ಒಯ್ಯಲಿ? ಇನ್ನೊಂದು, ಮಾವನವರು ಫೋರ್ಡ್‌ನದೇ ದೊಡ್ಡ ಎಸ್‌ಯುವಿ, 2017ರ ಎಂಡೆವರ್ 3.2 ಡೀಸೆಲ್ ನೋಡುತ್ತಿದ್ದಾರೆ, ಅದಕ್ಕೂ ಎರಡು ಮಾತು.

ಗೇರುಪೆಟ್ಟಿಗೆ

ಫೋರ್‌ಸ್ಕ್ಯಾನ್ ಎಂಬ ಆ್ಯಪ್, ಜೊತೆಗೆ ಗಾಡಿಯ ದೋಷ ಓದುವ ಸಾಕೆಟ್‌ಗೆ ಸಿಕ್ಕಿಸುವ ಒಬಿಡಿ ಅಡಾಪ್ಟರ್. ಫೋರ್ಡ್‌ನಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳನ್ನು ಬೆಸೆಯುವ ಎರಡು ಕ್ಯಾನ್ ಜಾಲಗಳಿವೆ, ವೇಗದ್ದು ಎಚ್‌ಎಸ್, ನಿಧಾನದ್ದು ಎಂಎಸ್. ಎರಡನ್ನೂ ಓದುವ ಅಡಾಪ್ಟರ್ ಕೊಳ್ಳಿ, ಇಲ್ಲದಿದ್ದರೆ ಕೆಲವು ಮಾಡ್ಯೂಲ್‌ಗಳು ಕಾಣುವುದೇ ಇಲ್ಲ. ಕೋಡ್ ಇಲ್ಲ ಎಂದು ಬಂದರೆ ಖುಷಿಪಡುವ ಮೊದಲು, ಕೊನೆಯ ಸಲ ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ನೋಡಿ. 10 ಕಿ.ಮೀ. ಎಂದಿದ್ದರೆ ನಿಮಗಾಗಿಯೇ ಅಳಿಸಿದ್ದಾರೆ. ಸ್ಟೀರಿಂಗ್ ಅಸಿಸ್ಟ್ ದೋಷದ ಕೋಡ್ ಇದ್ದರೆ ಮೊದಲು ಬ್ಯಾಟರಿ ವೋಲ್ಟೇಜ್ ಅಳೆಯಿರಿ, ದುರ್ಬಲ ಬ್ಯಾಟರಿಗೂ ಅದು ಬರುತ್ತದೆ.

ಹಿಂದಿನ ಬಾಗಿಲಿಗೆ ಸ್ಪೇರ್ ಚಕ್ರ ನೇತಾಡುತ್ತದೆ. ಬಾಗಿಲು ಅರ್ಧ ತೆರೆದು ಮೇಲಕ್ಕೆ ಎತ್ತಿ ನೋಡಿ, ಹಿಂಜ್ ಸಡಿಲವಾಗಿದ್ದರೆ ಕೈಗೆ ತಿಳಿಯುತ್ತದೆ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಾಗಿದ್ದರೆ ಚಕ್ರ ಒಳಗೆ ಒತ್ತಿ ಬಾಗಿಲಿನ ಲೋಹ ಬಾಗಿರುತ್ತದೆ, ಚಕ್ರದ ಕವರ್ ತೆಗೆಸಿಯೇ ನೋಡಿ.

ಘಾಟಿರಸ್ತೆ

ಎಂಡೆವರ್ 3.2 ಐದು ಸಿಲಿಂಡರ್, 200 ಪಿಎಸ್, 470 ಎನ್ಎಂ ಟಾರ್ಕ್ (ಎಳೆಯುವ ಬಲ), ಬೆಲ್ಟ್ ಬದಲು ಟೈಮಿಂಗ್ ಚೈನ್. ಘಟ್ಟ ಹತ್ತುವುದಕ್ಕೆ ಅದರಷ್ಟು ನಿರಾಳವಾದದ್ದು ಕಡಿಮೆ. ಕೂಲೆಂಟ್ ಎಲ್ಲೂ ಸೋರದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ) ಒಳಗೇ ಒಡೆದಿರಬಹುದು, ಕೂಲಿಂಗ್ ಸಿಸ್ಟಮ್‌ಗೆ ಪ್ರೆಷರ್ ಕೊಟ್ಟು ಪರೀಕ್ಷಿಸಿ.

ಆಯಿಲ್ ಬದಲಿಸುವಾಗ ಮಾವನವರು ಪಕ್ಕದಲ್ಲೇ ನಿಲ್ಲಲಿ. ಈ ಎಂಜಿನ್‌ನಲ್ಲೂ ಎಂಡೆವರ್‌ನ 2.2 ಎಂಜಿನ್‌ನಲ್ಲೂ ಆಯಿಲ್ ಇಳಿಸುವ ಡ್ರೇನ್ ಪ್ಲಗ್ ತೆಗೆದು ಹೆಚ್ಚು ಹೊತ್ತು ಬಿಟ್ಟರೆ ಆಯಿಲ್ ಪಂಪ್ ಒಳಗಿನ ಎಣ್ಣೆಯೂ ಇಳಿದು, ಮತ್ತೆ ಸ್ಟಾರ್ಟ್ ಮಾಡಿದಾಗ ಪಂಪ್ ಎಣ್ಣೆ ಎಳೆಯುವುದಿಲ್ಲ. ಒಂದೇ ನಿಮಿಷದಲ್ಲಿ ಬೇರಿಂಗ್‌ಗಳು ಹೋಗಬಹುದು. ಹೊಸ ಫಿಲ್ಟರ್, ಸುಮಾರು 10 ಲೀಟರ್ ಆಯಿಲ್ ಮೊದಲೇ ಸಿದ್ಧವಿಟ್ಟುಕೊಂಡು, 10 ನಿಮಿಷದೊಳಗೆ ಪ್ಲಗ್ ಬಿಗಿದು ಆಯಿಲ್ ತುಂಬಿಸಬೇಕು. ಪ್ಲಗ್ ಬಿಚ್ಚಿ ಊಟಕ್ಕೆ ಹೋಗುವ ಗ್ಯಾರೇಜ್ ಬೇಡ. ಸ್ಟಾರ್ಟ್ ಆದ ಮೇಲೆ ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ಆ್ಯಕ್ಸಿಲರೇಟರ್ ಮುಟ್ಟದೆ ತಕ್ಷಣ ಆಫ್ ಮಾಡಿ.

2020ರ ನಂತರದ 2.0 ಎಂಡೆವರ್ ತೋರಿಸಿದರೆ, ಅದರಲ್ಲಿ ಬೆಲ್ಟ್ ಮತ್ತೆ ಆಯಿಲ್ ಒಳಗೇ ಇದೆ. ಡ್ರಾಗನ್‌ಗೆ ಹೇಳಿದ ಬಿಲ್ ಪರೀಕ್ಷೆ ಅದಕ್ಕೂ ಅನ್ವಯ.

ಟಾರ್ಕ್‌ರೆಂಚ್

ಭಾನುವಾರ ಹೋಗುವ ಮುಂಚೆ ಮಾರುವವರಿಗೆ ಫೋನ್ ಮಾಡಿ, ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎನ್ನಿ. ಹೋದೊಡನೆ ಬಾನೆಟ್ ಮೇಲೆ ಕೈಯಿಡಿ, ಬಿಸಿಯಿದ್ದರೆ ಚಹಾ ಕುಡಿದು ಎರಡು ಗಂಟೆ ಕಾಯಿರಿ. ಇಂಜೆಕ್ಟರ್ ಸದ್ದು, ಮೊದಲ ಹೊಗೆಯ ಬಣ್ಣ ಸರಿಯಾಗಿ ತಿಳಿಯುವುದು ತಣ್ಣನೆಯ ಎಂಜಿನ್‌ನಲ್ಲಿ ಮಾತ್ರ. ಆಮೇಲೆ ಕನಿಷ್ಠ 20 ಕಿ.ಮೀ. ಓಡಿಸಿ, ಐದನೇ ಗೇರಿನಲ್ಲಿ 60 ಕಿ.ಮೀ. ವೇಗದಿಂದ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸುಯ್ ಎಂದು ಗಾಳಿ ಸೋರುವ ಸದ್ದು ಬಂದು ಕಪ್ಪು ಹೊಗೆ ಉಗುಳಿದರೆ ಟರ್ಬೊ ಗಾಳಿ ಒಯ್ಯುವ ಇಂಟರ್‌ಕೂಲರ್ ಹೋಸ್ ಸೀಳಿದೆ. ಎರಡೂ ಸರಿಮಾಡಬಹುದಾದವೇ, ಬೆಲೆಯಲ್ಲಿ ಕಳೆಯಿರಿ.